ಬತ್ತಿದ ಬಾವಿಯೂ ಒಂದು ಅಂಕಿ

ಜರ್ಮನಿಯಿಂದ ಕನ್ನಡದಲ್ಲಿ ವಿಜ್ಞಾನ ಮಾತಾಡುವ ಪಾಡ್‌ಕಾಸ್ಟ್ ನಮ್ಮದು. ಸಾಮಾನ್ಯವಾಗಿ ಇಲ್ಲಿ ಒಂದು ವಿಷಯವನ್ನು ವಿವರಿಸಿ, ತೀರ್ಮಾನವನ್ನು ನಿಮಗೇ ಬಿಡುತ್ತೇವೆ. ಇವತ್ತಿನ ಸಂಚಿಕೆ ಸ್ವಲ್ಪ ಬೇರೆ. ಇವತ್ತು ನನ್ನದೊಂದು ಅಭಿಪ್ರಾಯ ಹೇಳೋದಿದೆ. ಒಪ್ಪದವರು ಖಂಡಿತ ಬರೆದು ತಿಳಿಸಿ.

ವಿಷಯ ಏನಪ್ಪಾ ಅಂದ್ರೆ, ಅಂತರ್ಜಲ. ಆಕಾಶದಲ್ಲಿ ಸುತ್ತುವ ಒಂದು ಜೋಡಿ ಉಪಗ್ರಹಗಳು ನೆಲದ ಮೇಲಿನ ಮತ್ತು ನೆಲದೊಳಗಿನ ನೀರನ್ನು ತೂಕ ಹಾಕುತ್ತವೆ. ಅವುಗಳ ಅಂಕಿ ಇಟ್ಟುಕೊಂಡು ಮಾಡಿದ ಭಾರತದ ನಕ್ಷೆಗಳಲ್ಲಿ ಪಂಜಾಬ್, ಹರಿಯಾಣದ ಕಡೆ ಕಡುಗೆಂಪು ಇರುತ್ತದೆ, ಅಂದರೆ ನೀರು ಖಾಲಿಯಾಗುತ್ತಿದೆ ಅಂತ. ದಕ್ಷಿಣದ ಕಡೆ ತಿಳಿನೀಲಿ, ಅಂದರೆ ನೀರು ಹೆಚ್ಚುತ್ತಿದೆ ಅಂತ. ಇಂಥ ನಕ್ಷೆ ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಿಗೂ ಬರುತ್ತದೆ. ಅದೇ ಗುಂಪಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯವರೂ ಇರುತ್ತಾರೆ. ಸಾವಿರದ ಇನ್ನೂರು ಅಡಿ ಕೊರೆಸಿದರೂ ಬರೀ ಧೂಳು ಬಂತು ಅಂತ ಊರಿಂದ ಫೋನ್ ಬಂದಿರುವವರು ಅವರು. ಅವರಿಗೆ ಈ ನೀಲಿ ಬಣ್ಣ ನೋಡಿದರೆ ಏನನ್ನಿಸಬೇಕು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಉಪಗ್ರಹ ಸುಳ್ಳು ಹೇಳಿಲ್ಲ. ಆದರೆ ಅದು ಉತ್ತರಿಸಲಾಗದ ಪ್ರಶ್ನೆಯನ್ನು ನಾವು ಅದಕ್ಕೆ ಕೇಳುತ್ತಿದ್ದೇವೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ನೆಲದ ಮೇಲಿನ ಬಾವಿಗಳ ಲೆಕ್ಕ. ಆ ಲೆಕ್ಕದಲ್ಲಿ ಬತ್ತಿಹೋದ ಬಾವಿಗಳೇ ಕಾಣೆಯಾಗಿವೆ. ಬತ್ತಿದ ಬಾವಿಯನ್ನೂ ಒಂದು ಅಂಕಿ ಅಂತ ಎಣಿಸುವವರೆಗೆ ಮೇಲಿನಿಂದ ಎಷ್ಟು ಒಳ್ಳೆಯ ಉಪಗ್ರಹ ನೋಡಿದರೂ ನಮ್ಮ ಬಯಲುಸೀಮೆಯ ನೀರಿನ ಕಥೆ ನಮಗೆ ಪೂರ್ತಿ ಗೊತ್ತಾಗುವುದಿಲ್ಲ.

ಈಗ ಒಂದೊಂದಾಗಿ ನೋಡೋಣ. ಮೊದಲು, ಉಪಗ್ರಹ ನೀರನ್ನು ತೂಗುವುದು ಹೇಗೆ?

2002ರ ಮಾರ್ಚ್‌ನಲ್ಲಿ ಅಮೆರಿಕದ ನಾಸಾ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಸೇರಿ ಗ್ರೇಸ್ ಎಂಬ ಹೆಸರಿನ ಅವಳಿ ಉಪಗ್ರಹಗಳನ್ನು ಹಾರಿಸಿದವು. ನಾವಿರುವ ಈ ದೇಶಕ್ಕೂ ಈ ಕಥೆಗೂ ನಂಟು ಗಟ್ಟಿ. ಉಪಗ್ರಹಗಳನ್ನು ಕಟ್ಟಿದ್ದು ಬೋಡನ್ ಸರೋವರದ ದಂಡೆಯ ಫ್ರೀಡ್ರಿಕ್ಸ್‌ಹಾಫನ್‌ನಲ್ಲಿ. ಅಂಕಿಗಳನ್ನು ಸಂಸ್ಕರಿಸುವ ಪ್ರಮುಖ ಕೇಂದ್ರಗಳಲ್ಲಿ ಒಂದು ಪಾಟ್ಸ್‌ಡಾಮ್‌ನ ಭೂವಿಜ್ಞಾನ ಕೇಂದ್ರ ಜಿಎಫ್‌ಝೆಡ್. ಭೂಮಿಯ ಗುರುತ್ವದ ಏರುತಗ್ಗುಗಳನ್ನು ಹಿಗ್ಗಿಸಿ ತೋರಿಸುವ 'ಪಾಟ್ಸ್‌ಡಾಮ್ ಆಲೂಗಡ್ಡೆ' ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಇವರದೇ.

ಈ ಉಪಗ್ರಹಗಳಲ್ಲಿ ನೆಲದ ಫೋಟೋ ತೆಗೆಯುವ ಕ್ಯಾಮೆರಾ ಇಲ್ಲ. ಅವು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ, ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರ ಇಟ್ಟುಕೊಂಡು ಓಡುತ್ತವೆ. ಬೆಂಗಳೂರಿನಲ್ಲೊಂದು, ಚಿತ್ರದುರ್ಗ ದಾಟಿ ಇನ್ನೊಂದು ಅಂದುಕೊಳ್ಳಿ. ಮುಂದೆ ಹೆಚ್ಚು ದ್ರವ್ಯರಾಶಿ ಇರುವ ಜಾಗ ಬಂದರೆ ಮುಂದಿನ ಉಪಗ್ರಹವನ್ನು ಅದು ಮೊದಲು ಎಳೆಯುತ್ತದೆ, ಅಂತರ ಚೂರು ಹಿಗ್ಗುತ್ತದೆ. ಆಮೇಲೆ ಹಿಂದಿನದೂ ಆ ಎಳೆತಕ್ಕೆ ಸಿಕ್ಕಿ ಅಂತರ ಕುಗ್ಗುತ್ತದೆ. ಈ ಹಿಗ್ಗು ಕುಗ್ಗನ್ನು ಮೈಕ್ರೋವೇವ್ ಅಲೆಗಳಿಂದ, ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಸೂಕ್ಷ್ಮವಾಗಿ ಅಳೆಯುತ್ತಾರೆ. ಒಂದು ತಿಂಗಳ ಓಟದ ಅಂಕಿ ಸೇರಿಸಿದರೆ ಇಡೀ ಭೂಮಿಯ ಗುರುತ್ವದ ಒಂದು ನಕ್ಷೆ ಸಿಗುತ್ತದೆ.

ಈ ತಿಂಗಳ ನಕ್ಷೆಯನ್ನು ಇನ್ನೊಂದು ತಿಂಗಳದ್ದರ ಜೊತೆ ಹೋಲಿಸಿ. ಬೆಟ್ಟ ಗುಡ್ಡಗಳು ತಿಂಗಳಿಗೊಮ್ಮೆ ಜಾಗ ಬದಲಿಸುವುದಿಲ್ಲ. ಗಾಳಿಯ ತೂಕ, ಸಮುದ್ರದ ಉಬ್ಬರವಿಳಿತ ಇವನ್ನೆಲ್ಲ ಲೆಕ್ಕದಿಂದ ಕಳೆದರೆ, ನೆಲದ ಮೇಲೆ ಉಳಿಯುವ ವ್ಯತ್ಯಾಸ ಹೆಚ್ಚೂಕಡಿಮೆ ನೀರಿನದ್ದೇ. ಹಿಮ, ನದಿ, ಕೆರೆ, ಜಲಾಶಯ, ಮಣ್ಣಿನ ತೇವ, ಅಂತರ್ಜಲ, ಎಲ್ಲ ಸೇರಿ ಒಂದೇ ಮೊತ್ತ. ಅದರಲ್ಲಿ ಅಂತರ್ಜಲ ಮಾತ್ರ ಬೇಕಿದ್ದರೆ ಉಳಿದವನ್ನು ಬೇರೆ ಕಡೆಯ ಅಂಕಿಯಿಂದಲೋ ಕಂಪ್ಯೂಟರ್ ಮಾದರಿಯಿಂದಲೋ ಅಂದಾಜು ಮಾಡಿ ಕಳೆಯಬೇಕು. ಈ 'ಕಳೆಯಬೇಕು' ಅನ್ನೋದನ್ನು ನೆನಪಿಟ್ಟುಕೊಳ್ಳಿ. ಉಪಗ್ರಹ ಅಂತರ್ಜಲವನ್ನು ನೇರವಾಗಿ ನೋಡುವುದಿಲ್ಲ. ಮನೆಯ ಒಟ್ಟು ಖರ್ಚು ಗೊತ್ತಿದ್ದು, ಬಾಡಿಗೆ, ದಿನಸಿ, ಫೀಸು ಎಲ್ಲ ಅಂದಾಜಿನಲ್ಲಿ ಕಳೆದು, ಉಳಿದದ್ದು ಔಷಧಿ ಖರ್ಚು ಅಂದ ಹಾಗೆ ಇದು. ಅಂದಾಜುಗಳ ತಪ್ಪೆಲ್ಲ ಕೊನೆಗೆ ಔಷಧಿಯ ತಲೆಗೇ ಬರುತ್ತದೆ.

ಹಾಗಂತ ಇದರ ಸಾಧನೆ ಸಣ್ಣದಲ್ಲ. 2009ರಲ್ಲಿ ಮ್ಯಾಥ್ಯೂ ರೊಡೆಲ್, ಇಸಾಬೆಲ್ಲಾ ವೆಲಿಕೋನಾ ಮತ್ತು ಜೇಮ್ಸ್ ಫಾಮಿಲ್ಯೆಟ್ಟಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ರಾಜಸ್ಥಾನ, ಪಂಜಾಬ್, ಹರಿಯಾಣ ಮತ್ತು ದೆಹಲಿ ಸೇರಿದ ಪ್ರದೇಶ 2002ರ ಆಗಸ್ಟ್‌ನಿಂದ 2008ರ ಅಕ್ಟೋಬರ್ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡಿದೆ ಅಂತ. ಘನ ಕಿಲೋಮೀಟರ್ ಅಂದರೆ ನಮಗೆ ಅಂದಾಜು ಸಿಗುವುದಿಲ್ಲ, ಆದ್ದರಿಂದ ನಮ್ಮ ಅಳತೆಗೆ ತರೋಣ. ಕೆಆರ್‌ಎಸ್ ತುಂಬಿದಾಗ 49.45 ಟಿಎಂಸಿ, ಅಂದರೆ ಸುಮಾರು 1.4 ಘನ ಕಿಲೋಮೀಟರ್. ಹಾಗಾದರೆ 109 ಅಂದರೆ ಹೆಚ್ಚೂಕಡಿಮೆ 78 ಕೆಆರ್‌ಎಸ್. ಅಷ್ಟು ನೀರು ಆರು ವರ್ಷದಲ್ಲಿ ನೆಲದೊಳಗಿಂದ ಹೋಯಿತು. ಆ ಅವಧಿಯಲ್ಲಿ ಅಲ್ಲಿ ದೊಡ್ಡ ಬರವೂ ಇರಲಿಲ್ಲ. ಪಂಪು ಎಳೆದದ್ದೇ ಕಾರಣ ಅನ್ನುವುದನ್ನು ತಳ್ಳಿಹಾಕುವುದು ಆಮೇಲೆ ಯಾರಿಗೂ ಸುಲಭವಾಗಲಿಲ್ಲ.

ಇನ್ನೊಂದು ಉದಾಹರಣೆ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ಸೀಮೆ. ಟರ್ಕಿ, ಸಿರಿಯಾ, ಇರಾಕ್, ಇರಾನ್ ನಾಲ್ಕೂ ನೀರಿನ ಲೆಕ್ಕವನ್ನು ಒಬ್ಬರಿಗೊಬ್ಬರು ಸುಲಭವಾಗಿ ಕೊಡುವ ದೇಶಗಳಲ್ಲ. ಉಪಗ್ರಹಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಗಡಿಯೂ ಇಲ್ಲ. 2003ರಿಂದ 2009ರ ಕೊನೆಯವರೆಗೆ ಆ ಪ್ರದೇಶ ಸುಮಾರು 144 ಘನ ಕಿಲೋಮೀಟರ್ ಸಿಹಿನೀರು ಕಳೆದುಕೊಂಡಿದೆ, ಅದರಲ್ಲಿ ಹೆಚ್ಚಿನ ಪಾಲು ಅಂತರ್ಜಲ ಅಂತ 2013ರಲ್ಲಿ ಪ್ರಕಟವಾಯಿತು.

ನಾವೇ ಕಣ್ಣಾರೆ ಕಂಡದ್ದೂ ಇದೆ. 2018ರ ಬೇಸಿಗೆ ಇಲ್ಲಿದ್ದವರಿಗೆ ನೆನಪಿರಬಹುದು, ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ರೈನ್ ನದಿಯಲ್ಲಿ ಸರಕಿನ ದೋಣಿಗಳು ಅರ್ಧ ತುಂಬಿ ಓಡಾಡಿದವು. ಮೊದಲಿನ ಗ್ರೇಸ್ 2017ರಲ್ಲಿ ಮುಗಿದು, ಅದರ ಮುಂದುವರಿಕೆಯಾದ ಗ್ರೇಸ್ ಫಾಲೋ ಆನ್ ಆ 2018ರ ಮೇ ತಿಂಗಳಲ್ಲಷ್ಟೇ ಹಾರಿತ್ತು. ಅದರ ಅಂಕಿಯಿಂದ ಪಾಟ್ಸ್‌ಡಾಮ್‌ನವರ ತಂಡ ಮಾಡಿದ ಲೆಕ್ಕದಲ್ಲಿ ಮಧ್ಯ ಯುರೋಪಿನಲ್ಲಿ ದೀರ್ಘಾವಧಿ ಸರಾಸರಿಗಿಂತ 2018ರಲ್ಲಿ ಸುಮಾರು 112 ಘನ ಕಿಲೋಮೀಟರ್, 2019ರಲ್ಲಿ ಸುಮಾರು 145 ಘನ ಕಿಲೋಮೀಟರ್ ನೀರು ಕಮ್ಮಿ ಇತ್ತು. ಎರಡನೇ ವರ್ಷ ಕೊರತೆ ಇನ್ನೂ ಹೆಚ್ಚಾಗಿದ್ದನ್ನು ಗಮನಿಸಿ. ಮೇಲೆ ಹುಲ್ಲು ಹಸಿರಾದರೂ ಕೆಳಗಿನ ಸಾಲ ತೀರಿರಲಿಲ್ಲ. ಇದನ್ನು ತೋರಿಸಿದ್ದು ಉಪಗ್ರಹದ ದೊಡ್ಡ ಉಪಕಾರ.

ಈ ಮೂರೂ ಉದಾಹರಣೆಗಳಲ್ಲಿ ಒಂದು ಸಮಾನ ಅಂಶ ಇದೆ. ಮೂರೂ ಲಕ್ಷಗಟ್ಟಲೆ ಚದರ ಕಿಲೋಮೀಟರ್ ಪ್ರದೇಶಗಳು. ಮೂರರಲ್ಲೂ ನೂರರ ಆಸುಪಾಸಿನ ಘನ ಕಿಲೋಮೀಟರ್ ನೀರಿನ ಮಾತು. ಗ್ರೇಸ್ ಬಲಶಾಲಿ ಆಗಿರುವುದು ಅಲ್ಲೇ.

ಈಗ ಅದನ್ನು ನಮ್ಮೂರಿಗೆ ತರೋಣ. ಈ ಉಪಗ್ರಹಗಳ ದೃಷ್ಟಿ ಒರಟು. ಸುಮಾರು 300 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಪ್ರದೇಶಕ್ಕಿಂತ ಚಿಕ್ಕದನ್ನು ಅವು ಬಿಡಿಸಿ ನೋಡಲಾರವು. ಅಂದರೆ ಸುಮಾರು ಒಂದು ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ಒಟ್ಟು ವಿಸ್ತೀರ್ಣ 1.92 ಲಕ್ಷ. ಹೆಚ್ಚೂಕಡಿಮೆ ಎರಡೇ ಚುಕ್ಕೆಯಲ್ಲಿ ಇಡೀ ರಾಜ್ಯ ಮುಗಿಯಿತು. ಆಗುಂಬೆಯ ಮಳೆ, ಪಾವಗಡದ ಬಿಸಿಲು ಒಂದೇ ಚುಕ್ಕೆಯಲ್ಲಿ ಕಲಸಿಹೋಗುತ್ತವೆ. 'ದೂರದ ಬೆಟ್ಟ ನುಣ್ಣಗೆ' ಅಂತ ನಮ್ಮ ಹಿರಿಯರು ಹೇಳ್ತಿದ್ದದ್ದು ಇದಕ್ಕೆ ಅಕ್ಷರಶಃ ಒಪ್ಪುತ್ತೆ.

ಅಷ್ಟು ದೊಡ್ಡ ಚುಕ್ಕೆಯಲ್ಲೂ ಒಂದೆರಡು ಸೆಂಟಿಮೀಟರ್ ನೀರಿನಷ್ಟು ಅನಿಶ್ಚಿತತೆ ಇದೆ. ಒಂದು ಲಕ್ಷ ಚದರ ಕಿಲೋಮೀಟರ್ ಮೇಲೆ ಒಂದು ಸೆಂಟಿಮೀಟರ್ ನೀರು ಹರಡಿದರೆ ಅದು ಒಂದು ಘನ ಕಿಲೋಮೀಟರ್. ತುಂಬಿದ ಕೆಆರ್‌ಎಸ್ 1.4 ಅಂತ ಆಗಲೇ ನೋಡಿದೆವು. ಅಂದರೆ ಇಡೀ ಕೆಆರ್‌ಎಸ್ ಒಂದೇ ಏಟಿಗೆ ಖಾಲಿಯಾದರೂ, ಬೇರೇನೂ ಬದಲಾಗದಿದ್ದರೆ, ಈ ಉಪಗ್ರಹಕ್ಕೆ ಅದು ಕಂಡೂ ಕಾಣದ ಹಾಗೆ ಇರುತ್ತದೆ!

ಈಗ ಕೋಲಾರ ಜಿಲ್ಲೆ. ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್. ಇಡೀ ಜಿಲ್ಲೆಯಲ್ಲಿ ನೀರಿನ ಮಟ್ಟ 10 ಮೀಟರ್, ಅಂದರೆ 33 ಅಡಿ ಕುಸಿಯಿತು ಅಂತಿಟ್ಟುಕೊಳ್ಳಿ. ಅಲ್ಲಿನ ಬಂಡೆಯಲ್ಲಿ ನೀರು ತುಂಬಿಕೊಳ್ಳುವ ಜಾಗ ನೂರಕ್ಕೆ ಎರಡು ಪಾಲು ಅಂದುಕೊಂಡರೆ, 10 ಮೀಟರ್ ಕುಸಿತ ಅಂದರೆ 20 ಸೆಂಟಿಮೀಟರ್ ನೀರು. ಜಿಲ್ಲೆಗೆಲ್ಲ ಲೆಕ್ಕ ಹಾಕಿದರೆ 0.8 ಘನ ಕಿಲೋಮೀಟರ್. ಉಪಗ್ರಹದ ಚುಕ್ಕೆಯಲ್ಲಿ ಅದು 0.8 ಸೆಂಟಿಮೀಟರ್. ಅಳತೆಯ ಅನಿಶ್ಚಿತತೆಗಿಂತಲೂ ಕಮ್ಮಿ. ಜಿಲ್ಲೆಯ ತೆರೆದ ಬಾವಿಗಳೆಲ್ಲ ಬತ್ತಿಹೋಗುವಂಥ ಅನಾಹುತ ಆಕಾಶದಲ್ಲಿ ಸದ್ದೇ ಮಾಡುವುದಿಲ್ಲ.

ಒಳ್ಳೆಯ ಸುದ್ದಿಯೂ ಅಷ್ಟೇ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್ ಅದರ ಗುರಿ. ಆ ನೀರಿನ ಗುಣಮಟ್ಟದ ಬಗ್ಗೆ ಜಗಳ ಇದೆ, ಅದು ಬೇರೆ ಸಂಚಿಕೆಯ ವಿಷಯ. ದಿನಕ್ಕೆ 44 ಕೋಟಿ ಲೀಟರ್ ಅಂದರೆ ವರ್ಷಕ್ಕೆ 0.16 ಘನ ಕಿಲೋಮೀಟರ್. ಈ ಯೋಜನೆಯಿಂದ ಅಂತರ್ಜಲ ಏರಿತೋ ಇಲ್ಲವೋ ಅಂತ ಗ್ರೇಸ್ ನಕ್ಷೆ ತೋರಿಸಿ ವಾದ ಮಾಡುವವರು ಯಾವ ಕಡೆಯವರಾದರೂ ನಂಬಬೇಡಿ. ಅಷ್ಟು ಸಣ್ಣದು ಅದಕ್ಕೆ ಕಾಣುವುದೇ ಇಲ್ಲ.

ಅಳತೆಯ ಮಾತಾಯಿತು. ಇನ್ನು ಕಲ್ಲಿನ ಮಾತು. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇದು.

ಪಂಜಾಬಿನ ನೆಲ ಮೆಕ್ಕಲು ಮಣ್ಣಿನದ್ದು, ನೂರಾರು ಅಡಿ ಆಳದವರೆಗೆ ಮರಳು, ಜೇಡಿ. ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಂಡಿದೆ. ಅಲ್ಲಿ ವರ್ಷ ವರ್ಷವೂ ಪಂಪು ಎಳೆಯುತ್ತಾ ಹೋದರೆ ವರ್ಷ ವರ್ಷವೂ ತೂಕ ಇಳಿಯುತ್ತಾ ಹೋಗುತ್ತದೆ. ನಮ್ಮ ಬಯಲುಸೀಮೆಯ ಕೆಳಗಿರುವುದು ಗ್ರಾನೈಟು, ನೈಸ್ ಶಿಲೆ. ಮೇಲಿನ ಹತ್ತಿಪ್ಪತ್ತು ಮೀಟರ್ ಶಿಥಿಲವಾಗಿ ಮೆತ್ತಗಾಗಿದೆ, ಹಿಂದೆ ತೆರೆದ ಬಾವಿಗಳಿಗೆ ನೀರು ಕೊಡುತ್ತಿದ್ದದ್ದು ಆ ಪದರ. ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲಲ್ಲಿ ಸೀಳು. ಸೀಳು ಸಿಕ್ಕವನಿಗೆ ನೀರು, ಸಿಗದವನಿಗೆ ಧೂಳು. ಆಳಕ್ಕೆ ಹೋದ ಹಾಗೆ ಸೀಳುಗಳೂ ಕಮ್ಮಿ.

ಇದರ ಅರ್ಥ ಏನು? ಮೇಲಿನ ಪದರ ಒಣಗಿದ ಮೇಲೆ ನಮ್ಮಲ್ಲಿ ಕಳೆದುಕೊಳ್ಳೋಕೆ ಹೆಚ್ಚು ನೀರೇ ಉಳಿದಿರುವುದಿಲ್ಲ. ಮುನ್ನೂರು ಅಡಿಯಿಂದ ಆರುನೂರಕ್ಕೆ, ಆರುನೂರರಿಂದ ಸಾವಿರದ ಇನ್ನೂರಕ್ಕೆ ಬೋರು ಇಳಿಸುತ್ತಾ ಹೋದರೂ ಸಿಗುವುದು ಸೀಳಿನಲ್ಲಿದ್ದ ಅಷ್ಟಿಷ್ಟು. ರೈತನ ಪಾಲಿಗೆ ಅದು ಸರ್ವನಾಶ. ತಕ್ಕಡಿಯ ಲೆಕ್ಕದಲ್ಲಿ ಮಾತ್ರ ಏನೇನೂ ಆಗಿಲ್ಲ. ಪ್ರತಿ ಮುಂಗಾರಿಗೆ ಮೇಲಿನ ಪದರ ಒಂದಿಷ್ಟು ತುಂಬುತ್ತದೆ, ಬೇಸಿಗೆ ಹೊತ್ತಿಗೆ ಖಾಲಿಯಾಗುತ್ತದೆ. ಮುಂದಿನ ವರ್ಷ ಮತ್ತೆ ಅದೇ. ಹತ್ತು ವರ್ಷದ ಗೆರೆ ಎಳೆದರೆ ಸಪಾಟಾಗಿ ಕಾಣುತ್ತದೆ. ತಿಂಗಳ ಸಂಬಳ ತಿಂಗಳಿಗೇ ಮುಗಿಯುವ, ಉಳಿತಾಯವೇ ಇಲ್ಲದ ಮನೆಯ ಬ್ಯಾಂಕ್ ಖಾತೆ ಇದ್ದ ಹಾಗೆ. ವರ್ಷದ ಕೊನೆಯ ಬಾಕಿ ಪ್ರತಿ ವರ್ಷವೂ ಸೊನ್ನೆ. ಬಾಕಿ ಇಳಿದಿಲ್ಲವಲ್ಲ, ಈ ಮನೆ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಒಪ್ಪುತ್ತೀರಾ?

ಸರಿ, ಸಪಾಟು ಗೆರೆಯ ಕಥೆ ಇದು. ಆದರೆ ನಕ್ಷೆಯಲ್ಲಿ ದಕ್ಷಿಣ ಏರುತ್ತಿದೆ ಅಂತ ಬಂದದ್ದು ಹೇಗೆ? 2017ರಲ್ಲಿ 'ನೇಚರ್ ಜಿಯೋಸೈನ್ಸ್'ನಲ್ಲಿ ಗಾಂಧಿನಗರದ ಐಐಟಿಯ ಆಕರ್ಷ್ ಅಶೋಕ, ವಿಮಲ್ ಮಿಶ್ರಾ ಮತ್ತು ಸಂಗಡಿಗರ ಅಧ್ಯಯನ ಬಂತು. 2002ರಿಂದ 2013ರ ನಡುವೆ ಉತ್ತರ ಭಾರತದಲ್ಲಿ ಅಂತರ್ಜಲ ವರ್ಷಕ್ಕೆ 2 ಸೆಂಟಿಮೀಟರ್‌ನಷ್ಟು ಇಳಿದಿದೆ, ದಕ್ಷಿಣದಲ್ಲಿ 1ರಿಂದ 2 ಸೆಂಟಿಮೀಟರ್‌ನಷ್ಟು ಏರಿದೆ ಅಂತ. ಮಳೆಯ ಬದಲಾವಣೆಗೆ ಇದರಲ್ಲಿ ದೊಡ್ಡ ಪಾತ್ರ ಇದೆ ಅನ್ನುವುದು ಅವರ ಮುಖ್ಯ ಮಾತು. ಅದು ಗಂಭೀರವಾದ ಕೆಲಸ, ಅದನ್ನು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಶುರುವಿನ ವರ್ಷ ನೋಡಿ. 2002, 2003 ಕರ್ನಾಟಕದಲ್ಲಿ ಭೀಕರ ಬರದ ವರ್ಷಗಳು. ಗ್ರೇಸ್ ಹಾರಿದ್ದೇ ಆಗ. ಆಮೇಲೆ ಒಳ್ಳೆಯ ಮಳೆಯ ವರ್ಷಗಳೂ ಬಂದವು. ಜ್ವರದಲ್ಲಿ ಮಲಗಿದ್ದ ದಿನ ಮೊದಲ ತೂಕ ಹಾಕಿಸಿ, ಆಮೇಲಿನದನ್ನೆಲ್ಲ ಅದಕ್ಕೆ ಹೋಲಿಸಿದರೆ ತೂಕ ಹೆಚ್ಚಿದೆ ಅಂತಲೇ ಬರುತ್ತದೆ. ಗೆರೆ ಏರಿದ್ದು ನಿಜ. ಆ ಏರಿಕೆಯನ್ನು ಆರೋಗ್ಯ ಅಂತ ಓದುವುದು ನಮ್ಮ ಆತುರ.

ಉಪಗ್ರಹದ ಜೊತೆಗೆ ನೆಲದ ಬಾವಿಗಳ ಅಂಕಿಯೂ ದಕ್ಷಿಣದಲ್ಲಿ ಏರಿಕೆಯನ್ನೇ ತೋರಿಸಿತ್ತಲ್ಲ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ 2019ರಲ್ಲಿ ಬಂತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ತೇಜಸ್ವಿ ಹೊರಾ ಮತ್ತು ನಂದಿತಾ ಬಸು, ಬೆಂಗಳೂರಿನ ಏಟ್ರೀ ಸಂಸ್ಥೆಯಲ್ಲಿದ್ದ ವೀಣಾ ಶ್ರೀನಿವಾಸನ್ ಸೇರಿ ಬರೆದ ಆ ಪ್ರಬಂಧ ದಕ್ಷಿಣ ಭಾರತದ ಅಂತರ್ಜಲ ಚೇತರಿಕೆಯನ್ನು 'ವಿರೋಧಾಭಾಸ' ಅಂತಲೇ ಕರೆಯಿತು. ಒಂದು ಕಡೆ ಅಂಕಿ ಅಂಶ ಏರಿಕೆ ತೋರಿಸುತ್ತಿದೆ, ಇನ್ನೊಂದು ಕಡೆ ಬಾವಿಗಳು ಬತ್ತುತ್ತಿವೆ, ರೈತರು ಇನ್ನೂ ಆಳಕ್ಕೆ ಹೋಗುತ್ತಿದ್ದಾರೆ. ಎರಡೂ ಹೇಗೆ ಸಾಧ್ಯ?

ಅವರು ತೋರಿಸಿದ್ದು ಇಷ್ಟು. ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಸಲ ನಿಗದಿಯಾದ ಬಾವಿಗಳಲ್ಲಿ ನೀರಿನ ಮಟ್ಟ ಅಳೆಯುತ್ತದೆ. ಬಾವಿ ಬತ್ತಿದ್ದರೆ ಅಳೆಯೋಕೆ ನೀರಿಲ್ಲ, ಆ ಜಾಗ ಖಾಲಿ ಬಿಡುತ್ತಾರೆ. ಆಮೇಲೆ ವಿಶ್ಲೇಷಣೆ ಮಾಡುವವರು, ಅಂಕಿ ಪೂರ್ತಿ ಇಲ್ಲದ ಬಾವಿಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತಾರೆ. ಇದು ಮೋಸ ಅಲ್ಲ, ಎಲ್ಲರೂ ಮಾಡುವ ಕ್ರಮ. ಆದರೆ ಫಲಿತಾಂಶ ಏನಾಗುತ್ತದೆ? ಕಷ್ಟದಲ್ಲಿರುವ ಬಾವಿಗಳೇ ಪಟ್ಟಿಯಿಂದ ಹೊರಗೆ ಹೋಗುತ್ತವೆ, ನೀರಿರುವ ಬಾವಿಗಳು ಉಳಿಯುತ್ತವೆ. ತರಗತಿಯಲ್ಲಿ ನಪಾಸಾದವರ ಹೆಸರನ್ನೆಲ್ಲ ಹಾಜರಿ ಪುಸ್ತಕದಿಂದ ಹೊಡೆದುಹಾಕಿ ಸರಾಸರಿ ಅಂಕ ತೆಗೆದರೆ ಶಾಲೆ ವರ್ಷ ವರ್ಷವೂ ಸುಧಾರಿಸುತ್ತಿದೆ ಅಂತಲೇ ಕಾಣುತ್ತದೆ.

ಅಂದರೆ ಮೇಲಿನ ಸಾಕ್ಷಿಗೆ ನಮ್ಮ ಊರು ಕಾಣುವುದಿಲ್ಲ, ಕೆಳಗಿನ ಸಾಕ್ಷಿ ಸತ್ತ ಬಾವಿಯ ಹೆಸರು ಹೇಳುವುದಿಲ್ಲ. ಎರಡೂ ಒಂದೇ ಮಾತು ಹೇಳಿದವು ಅಂತ ನಾವು ಸಮಾಧಾನಪಟ್ಟುಕೊಂಡರೆ ಅದು ಅಪಾಯ.

ಈಗ ನನ್ನ ಮಾತಿಗೆ ಬರಬಹುದಾದ ಆಕ್ಷೇಪಣೆಗಳು. ಮೊದಲನೆಯದು, ಉಪಗ್ರಹಗಳು ಸುಧಾರಿಸುತ್ತಿವೆಯಲ್ಲ, ಸ್ವಲ್ಪ ಕಾದರೆ ಆಯಿತು ಅನ್ನೋದು. ನಿಜ, ಗ್ರೇಸ್ ಫಾಲೋ ಆನ್‌ನಲ್ಲಿ ಪ್ರಯೋಗಕ್ಕೆಂದು ಲೇಸರ್ ಅಳತೆ ಅಳವಡಿಸಿದರು, ಅದು ಚೆನ್ನಾಗಿ ಕೆಲಸ ಮಾಡಿತು. ಇದೇ ಸಾಲಿನ ಮುಂದಿನ ಜೋಡಿಯನ್ನು 2028ರಲ್ಲಿ ಹಾರಿಸುವ ಯೋಜನೆ ಇದೆ. ಆದರೆ ಎತ್ತರದಿಂದ ಗುರುತ್ವ ಅಳೆಯುವಾಗ ಒರಟುತನ ಬರುವುದು ಭೌತಶಾಸ್ತ್ರದಿಂದಲೇ. ಎತ್ತರಕ್ಕೆ ಹೋದಷ್ಟೂ ಸಣ್ಣ ಸಣ್ಣ ವಿವರಗಳ ಎಳೆತ ಬೇಗ ಮಂಕಾಗುತ್ತದೆ. ಎಷ್ಟೇ ಸುಧಾರಿಸಿದರೂ ಒಂದು ಹೋಬಳಿಯ ಅಂತರ್ಜಲ ಈ ವಿಧಾನಕ್ಕೆ ಸಿಗುವ ಲಕ್ಷಣ ಇಲ್ಲ.

ಎರಡನೆಯದು ನಮ್ಮಲ್ಲಿರುವ ಸಾಫ್ಟ್‌ವೇರ್ ಸ್ನೇಹಿತರದ್ದು. ಮಷೀನ್ ಲರ್ನಿಂಗ್ ಹಾಕಿ ನಕ್ಷೆಯನ್ನು ತಾಲೂಕು ಮಟ್ಟಕ್ಕೆ ಇಳಿಸಬಹುದಲ್ಲ? ಮಾಡುತ್ತಾರೆ, ಪ್ರಬಂಧಗಳೂ ಬರುತ್ತಿವೆ. ಆದರೆ ಅಲ್ಲಿ ಸೇರುವ ಸಣ್ಣ ವಿವರ ಬರುವುದು ಎಲ್ಲಿಂದ? ಮಳೆ, ಮಣ್ಣು, ಬೆಳೆಯ ಅಂಕಿಯಿಂದ, ಮತ್ತೆ ಅದೇ ಬಾವಿಗಳ ಅಂಕಿಯಿಂದ. ಬತ್ತಿದ ಬಾವಿ ಇಲ್ಲದ ಪಟ್ಟಿ ಕೊಟ್ಟು ಕಲಿಸಿದ ಯಂತ್ರಕ್ಕೆ ಬಾವಿ ಬತ್ತುತ್ತದೆ ಅನ್ನೋದೇ ಗೊತ್ತಿರುವುದಿಲ್ಲ. ಆದರೂ ನಕ್ಷೆ ಮಾತ್ರ ಚಂದವಾಗಿ, ತಾಲೂಕಿಗೊಂದು ಬಣ್ಣ ಬಳಿದುಕೊಂಡು ಬರುತ್ತದೆ. ಒರಟಾದ ನಕ್ಷೆ ನೋಡಿದವನು ಅನುಮಾನವಾದರೂ ಪಡುತ್ತಾನೆ. ನುಣುಪಾದ ನಕ್ಷೆಯನ್ನು ಯಾರೂ ಅನುಮಾನಿಸುವುದಿಲ್ಲ.

ಮೂರನೆಯದು, ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇದೆಯಲ್ಲ ಅನ್ನುವ ಮಾತು. ಇದನ್ನು ಅರ್ಧ ಒಪ್ಪುತ್ತೇನೆ. ಕೃಷ್ಣಾ ಕೊಳ್ಳದಂಥ ದೊಡ್ಡ ಪ್ರದೇಶಕ್ಕೆ, ಬರದ ವರ್ಷದ ಕೊರತೆ ಎಷ್ಟು ಅಂತ ತಿಳಿಯೋಕೆ ಗ್ರೇಸ್ ಅಂಕಿ ಉಪಯೋಗಿಸಲೇಬೇಕು. ಒಪ್ಪದೇ ಇರುವ ಅರ್ಧ ಏನೆಂದರೆ, ಯಾರದೋ ಹೊಲದಲ್ಲಿ ಬೋರು ಕೊರೆಸಬೇಕೋ ಬೇಡವೋ, ಯಾವ ತಾಲೂಕನ್ನು ಸುರಕ್ಷಿತ ಅಂತ ಕರೆಯಬೇಕು ಅನ್ನೋ ತೀರ್ಮಾನಕ್ಕೆ ಅದನ್ನು ಎಳೆದು ತರುವುದು. ಅಲ್ಲಿ ತಪ್ಪಿದರೆ ಬೆಲೆ ತೆರುವವನು ಸಾಲ ಮಾಡಿ ಕೊರೆಸಿದವನು.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಮೂರು.

ಒಂದು, ಬತ್ತಿದ ಬಾವಿಯನ್ನು ಬತ್ತಿದ್ದು ಅಂತಲೇ ಬರೆಯಬೇಕು. 'ಇಂಥ ದಿನ, ಇಷ್ಟು ಅಡಿಯವರೆಗೂ ನೀರಿಲ್ಲ' ಅನ್ನುವುದು ಖಾಲಿ ಜಾಗಕ್ಕಿಂತ ಎಷ್ಟೋ ಪಾಲು ಮೇಲು. ನೀರಿನ ಮಟ್ಟ ಆ ಆಳಕ್ಕಿಂತ ಕೆಳಗಿದೆ ಅಂತ ಅದು ಹೇಳುತ್ತದೆ. ಇಂಥ 'ಇದಕ್ಕಿಂತ ಕೆಳಗೆ' ಅನ್ನುವ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನಗಳು ಸಂಖ್ಯಾಶಾಸ್ತ್ರದಲ್ಲಿ ಬಹಳ ಹಿಂದಿನಿಂದಲೂ ಇವೆ. ಹೊಸ ಉಪಕರಣ ಬೇಡ, ಹೊಸ ಉಪಗ್ರಹ ಬೇಡ. ನಮೂನೆಯಲ್ಲಿ ಒಂದು ಹೆಚ್ಚುವರಿ ಕಾಲಂ ಸಾಕು.

ಎರಡು, ಕೊರೆದ ಪ್ರತಿಯೊಂದು ಕೊಳವೆ ಬಾವಿಯ ವಿವರ ಸಾರ್ವಜನಿಕವಾಗಬೇಕು. ಎಷ್ಟು ಅಡಿ, ಮೊದಲ ನೀರು ಎಷ್ಟು ಅಡಿಗೆ, ಎಷ್ಟು ಇಂಚು ನೀರು, ಕೇಸಿಂಗ್ ಎಷ್ಟು ಇಳಿಸಿದರು, ಫೇಲಾಯಿತೋ ಇಲ್ಲವೋ. ಇದೆಲ್ಲ ಬೋರ್‌ವೆಲ್ ಲಾರಿಯವರ ಬಿಲ್ ಪುಸ್ತಕದಲ್ಲಿ ಈಗಲೂ ಇರುತ್ತದೆ, ಯಾಕಂದರೆ ಅಡಿ ಲೆಕ್ಕದಲ್ಲೇ ಅವರು ದುಡ್ಡು ತೆಗೆದುಕೊಳ್ಳೋದು. ಕರ್ನಾಟಕದಲ್ಲಿ ಅಂತರ್ಜಲ ನಿಯಂತ್ರಣ ಕಾಯ್ದೆ 2011ರಿಂದ ಇದೆ. ಆ ಕಾಯ್ದೆಯ ಹೆಸರಿನಲ್ಲಿ ಈ ಒಂದು ಲೆಕ್ಕ ಸಂಗ್ರಹಿಸಿ ತೆರೆದಿಟ್ಟರೂ ಅದು ಬಯಲುಸೀಮೆಗೆ ಮಾಡುವ ದೊಡ್ಡ ಉಪಕಾರ. ಫೇಲಾದ ಬೋರುಗಳ ನಕ್ಷೆ ಒಂದು ಇದ್ದಿದ್ದರೆ, ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರನ್ನು ನಂಬುವ ಮುಂಚೆ ನೋಡೋಕೆ ಜನಕ್ಕೆ ಏನಾದರೂ ಇರುತ್ತಿತ್ತು.

ಮೂರು, ಅಳೆಯುವ ಕೆಲಸ ಊರಿನವರ ಕೈಗೆ ಬರಬೇಕು. ಇದು ಕನಸಿನ ಮಾತಲ್ಲ. ಕೋಲಾರದ ಪಕ್ಕದ ಚಿತ್ತೂರು, ಅನಂತಪುರ ಸೇರಿದಂತೆ ಆಗಿನ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಒಂದು ಯೋಜನೆ ನಡೆಯಿತು. ರೈತರೇ ಮಳೆ ಅಳೆದರು, ಬಾವಿಗಳ ಮಟ್ಟ ಅಳೆದರು, ಹಿಂಗಾರು ಬಿತ್ತನೆಗೆ ಮುಂಚೆ ಕೂತು ಇರುವ ನೀರು ಎಷ್ಟು, ಯಾವ ಬೆಳೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದರು. ಕೇಂದ್ರ ಸರ್ಕಾರ 2019ರ ಡಿಸೆಂಬರ್‌ನಲ್ಲಿ ಶುರು ಮಾಡಿದ ಅಟಲ್ ಭೂಜಲ ಯೋಜನೆಯೂ ಪಂಚಾಯಿತಿ ಮಟ್ಟದಲ್ಲಿ ನೀರಿನ ಲೆಕ್ಕದ ಮಾತಾಡುತ್ತದೆ, ಅದರ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಯೋಜನೆಗಳು ಬರುತ್ತವೆ, ಮುಗಿಯುತ್ತವೆ. ಅಳತೆ ಮಾತ್ರ ನಿಲ್ಲಬಾರದು. ಹತ್ತು ವರ್ಷ ಬಿಡದೆ ಬರೆದ ಒಂದು ನೋಟ್‌ಬುಕ್, ಎರಡು ವರ್ಷ ನಡೆದು ನಿಂತುಹೋದ ಆ್ಯಪ್‌ಗಿಂತ ದೊಡ್ಡದು.

ಇದರಲ್ಲಿ ಪರದೇಶದಲ್ಲಿ ಕೂತ ನಮ್ಮ ಪಾತ್ರ ಏನು? ಇದೆ, ಯಾಕಂದರೆ ನಮ್ಮಲ್ಲಿ ಎಷ್ಟೋ ಜನ ಊರಿನ ಮುಂದಿನ ಬೋರಿಗೆ ಇಲ್ಲಿಂದ ದುಡ್ಡು ಕಳಿಸುವವರು. ಅಪ್ಪನೋ ಚಿಕ್ಕಪ್ಪನೋ ಫೋನ್ ಮಾಡಿ, ಇದ್ದ ಬೋರು ನಿಂತುಹೋಯಿತು ಕಣಪ್ಪಾ, ಇನ್ನೊಂದು ಹಾಕಿಸೋಣ ಅಂದಾಗ ಇಲ್ಲ ಅನ್ನೋಕೆ ಬಾಯಿ ಬರುವುದಿಲ್ಲ. ಇಲ್ಲ ಅನ್ನಿ ಅಂತ ನಾನೂ ಹೇಳಲ್ಲ. ಆದರೆ ದುಡ್ಡು ಕಳಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಹಳೆಯ ಬೋರು ಎಷ್ಟು ಅಡಿ, ಯಾವ ವರ್ಷದ್ದು? ಮೊದಲು ಎಷ್ಟು ಇಂಚು ಇತ್ತು? ಮೋಟಾರ್ ಎಷ್ಟು ಗಂಟೆ ಓಡಿದ ಮೇಲೆ ನೀರು ನಿಲ್ಲುತ್ತಿತ್ತು? ಅಕ್ಕಪಕ್ಕದ ಹೊಲದಲ್ಲಿ ಹೋದ ಮೂರು ವರ್ಷದಲ್ಲಿ ಎಷ್ಟು ಬೋರು ಫೇಲಾದವು? ಉತ್ತರಗಳನ್ನು ಒಂದು ಕಡೆ ಬರೆದಿಡಿ. ನಿಮ್ಮ ಊರಿಂದ ಇಂಥ ನಾಲ್ಕು ಮನೆಯವರು ಬೇರೆ ಬೇರೆ ದೇಶದಲ್ಲಿದ್ದರೆ ಎಲ್ಲರದ್ದನ್ನೂ ಒಂದೇ ಹಾಳೆಗೆ ಸೇರಿಸಿ. ಆ ಹಾಳೆ ನಿಮ್ಮ ಊರಿನ ಬಗ್ಗೆ ಯಾವ ಉಪಗ್ರಹವೂ ಹೇಳದ ಮಾತು ಹೇಳುತ್ತದೆ. ಇನ್ನೊಂದು ಬೋರಿನ ದುಡ್ಡನ್ನು ಕೃಷಿಹೊಂಡಕ್ಕೋ, ಕೆರೆಯ ಹೂಳೆತ್ತುವುದಕ್ಕೋ, ಕಮ್ಮಿ ನೀರಿನ ಬೆಳೆಗೋ ಹಾಕುವುದು ವಾಸಿ ಅಂತ ಅದರಿಂದ ಗೊತ್ತಾದರೂ ಆಗಬಹುದು.

ವಿಜ್ಞಾನದ ಪಾಡ್‌ಕಾಸ್ಟ್ ನಡೆಸಿಕೊಂಡು ಉಪಗ್ರಹವನ್ನು ಹೀಗೆ ಟೀಕಿಸೋದಾ ಅಂತ ಯಾರಾದರೂ ಕೇಳಿದರೆ, ನನ್ನ ಉತ್ತರ ಇಷ್ಟೇ. ಇನ್ನೂರಿಪ್ಪತ್ತು ಕಿಲೋಮೀಟರ್ ಅಂತರದಲ್ಲಿ ಕೂದಲೆಳೆಗಿಂತ ಸಣ್ಣ ಬದಲಾವಣೆ ಹಿಡಿಯುವ ಯಂತ್ರದ ಬಗ್ಗೆ ನನಗೆ ಅಪಾರ ಗೌರವ. ಅದನ್ನು ಕಟ್ಟಿದವರು ತಮ್ಮ ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಅಂತ ಪ್ರತಿ ಅಂಕಿಯ ಪಕ್ಕದಲ್ಲೇ ಬರೆದಿರುತ್ತಾರೆ. ನಕ್ಷೆ ಫಾರ್ವರ್ಡ್ ಮಾಡುವಾಗ ಉದುರಿಹೋಗುವುದು ಆ ಸಾಲು. ಆ ಸಾಲನ್ನು ಓದುವುದೂ ಅವರಿಗೆ ಕೊಡುವ ಗೌರವವೇ.

ಮುಂದಿನ ಸಲ ನೀಲಿ ಬಣ್ಣದ ನಕ್ಷೆ ನಿಮ್ಮ ಗುಂಪಿಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಈ ಒಂದು ಚುಕ್ಕೆ ಎಷ್ಟು ದೊಡ್ಡದು? ಬತ್ತಿದ ಬಾವಿಗಳನ್ನು ಎಣಿಸಿದ್ದಾರಾ? ಎರಡಕ್ಕೂ ಉತ್ತರ ಸಿಗದಿದ್ದರೆ ಊರಿಗೆ ಒಂದು ಫೋನ್ ಮಾಡಿ ವಿಚಾರಿಸಿ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಬೋರುಗಳ ವಿವರ ಬರೆದಿಟ್ಟವರಿದ್ದರೆ ನಮಗೂ ತಿಳಿಸಿ, ಮುಂದೊಂದು ಸಂಚಿಕೆಯಲ್ಲಿ ಅದನ್ನೇ ಇಟ್ಟುಕೊಂಡು ಮಾತಾಡೋಣ.